ಪಾಯಸದ ಮಾಬ್ಲಣ್ಣನ ಬಿ.ಎಡ್.

ಮೊನ್ನೆ ಕಪಾಟು ಒರೆಸುತ್ತಿದ್ದಾಗ ಒಂದು ಐಡಿ ಕಾರ್ಡು ಕೈಗೆ ಸಿಕ್ಕಿತು. ನೀಲಿ ಪಟ್ಟಿ, ಪ್ಲಾಸ್ಟಿಕ್ ಹೊದಿಕೆ, ಒಳಗೆ ಗಾಬರಿಬಿದ್ದ ಮುಖದ ಒಂದು ಫೋಟೋ. ಫೋಟೋದಲ್ಲಿದ್ದವನ ತಲೆ ಅರ್ಧ ನರೆತಿದೆ, ಮೀಸೆ ಪೂರ್ತಿ ನರೆತಿದೆ. ಕೆಳಗೆ ಮಾತ್ರ ದಪ್ಪ ಅಕ್ಷರದಲ್ಲಿ 'ವಿದ್ಯಾರ್ಥಿ' ಎಂದು ಬರೆದಿದೆ. ಆ ವಿದ್ಯಾರ್ಥಿ ನಾನೇ. ಕಾರ್ಡಿನ ಒಂದು ಮೂಲೆಯಲ್ಲಿ, ಹೊದಿಕೆಯ ಒಳಗೇ, ಕಂದು ಬಣ್ಣದ ಕಲೆಯೊಂದಿದೆ. ಅದು ಶಾಯಿಯದಲ್ಲ, ಚಹಾದ್ದೂ ಅಲ್ಲ, ಸೋಂದೆಯ ಹತ್ತಿರದ ಒಂದು ಮದುವೆಮನೆಯ ಕಡಲೆಬೇಳೆ ಪಾಯಸದ್ದು. ನನ್ನ ಹೆಂಡತಿ ಶೈಲಾ ಅದನ್ನು ನೋಡಿ, "ಇನ್ನೂ ಇಟ್ಕಂಡಿದ್ರ ಇದನ್ನ? ನಾಳೆ ಕಪಾಟಿಗೆ ಇರುವೆ ಹತ್ತಿರೆ ಎನ್ನ ಕೇಳಡಿ" ಎಂದಳು. ಎಸೆಯಲು ಮನಸ್ಸಾಗಲಿಲ್ಲ. ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ಕೂತೆ. ಕಪಾಟು ಆ ದಿನ ಅರ್ಧವೇ ಸ್ವಚ್ಛವಾಯಿತು.

ನೀವು ಸಿದ್ದಾಪುರದ ಕಡೆ ಯಾವುದಾದರೂ ಮದುವೆಯಲ್ಲಿ ಉಂಡಿದ್ದರೆ ನನ್ನನ್ನು ನೋಡಿಯೇ ಇರುತ್ತೀರಿ. ಮುಖ ನೆನಪಿರಲಿಕ್ಕಿಲ್ಲ. ಉಣ್ಣುವಾಗ ಬಡಿಸುವವನ ಮುಖ ಯಾರು ನೋಡುತ್ತಾರೆ? ದನಿ ನೆನಪಿರಬಹುದು. "ಪಾಯ್ಸಾ... ಪಾಯ್ಸಾ..." ಎಂದು ಪಂಕ್ತಿಯ ಆ ತುದಿಯಲ್ಲಿ ಹೊರಟರೆ ಈ ತುದಿಯವರು ಅನ್ನದ ನಡುವೆ ಗುಂಡಿ ತೋಡಿಕೊಳ್ಳಲು ಶುರುಮಾಡುತ್ತಾರೆ, ಆ ದನಿ ನನ್ನದು. ಅಪ್ಪ-ಅಮ್ಮ ಇಟ್ಟ ಹೆಸರು ಮಹಾಬಲೇಶ್ವರ, ಮನೆತನ ಹೆಗಡೆ. ನಮ್ಮ ಕಡೆ ಅಷ್ಟುದ್ದದ ಹೆಸರನ್ನು ಯಾರೂ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮಾಬ್ಲ ಎನ್ನುತ್ತಾರೆ. ಪಾಯಸದ ಬಕೆಟ್ಟು ಕೈಗೆ ಬಂದ ಮೇಲೆ ನಾನು ಪಾಯಸದ ಮಾಬ್ಲಣ್ಣನಾದೆ.

ಆ ಬಕೆಟ್ಟು ಸುಮ್ಮನೆ ಬಂದದ್ದಲ್ಲ. ಬಡಿಸುವುದರಲ್ಲಿಯೂ ಬಡ್ತಿಯಿದೆ. ಚಿಕ್ಕವನಿದ್ದಾಗ ಮೊದಲು ಸಿಕ್ಕ ಹುದ್ದೆ ನೀರಿನದು. ಒಂದು ಉಪನಯನದಲ್ಲಿ ಒಬ್ಬ ಭಟ್ಟರ ಲೋಟ ಬಿಟ್ಟು ತೊಡೆಗೆ ನೀರು ಹಾಕಿ ಆ ಹುದ್ದೆಯನ್ನೂ ಕಳೆದುಕೊಂಡೆ. ಆಮೇಲೆ ಉಪ್ಪು. ಉಪ್ಪಿನವನಿಗೆ ಒಂದೇ ಸುತ್ತಿನ ಕೆಲಸ, ಮರ್ಯಾದೆ ಕಡಿಮೆ, ಆದರೆ ತಪ್ಪಾಗುವ ಭಯವಿಲ್ಲ. ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ ಎಂದು ಹತ್ತುತ್ತ ಹತ್ತುತ್ತ ಪಾಯಸಕ್ಕೆ ಬರುವಷ್ಟರಲ್ಲಿ ಮೀಸೆ ಬಂದಿತ್ತು. ಅದರ ಮೇಲೆ ಇರುವುದು ತುಪ್ಪ ಒಂದೇ. ತುಪ್ಪವನ್ನು ಮನೆಯ ಯಜಮಾನರು ಯಾರಿಗೂ ಬಿಟ್ಟುಕೊಡುವುದಿಲ್ಲ.

ನನ್ನ ಗುರು ದೊಡ್ಡಪ್ಪ. ಬಗ್ಗಿದರೆ ಬೆನ್ನು ಹಲಗೆಯಷ್ಟು ನೆಟ್ಟಗಿರಬೇಕು, ಸೌಟು ಎಲೆಗೆ ತಾಗಬಾರದು, ಒಂದೆಲೆಯನ್ನೂ ದಾಟಿ ಹೋಗಬಾರದು ಎಂದೆಲ್ಲ ಕಲಿಸಿದವನು ಅವನೇ. ಎಲೆ ಖಾಲಿ ಕಂಡರೆ ಉಣ್ಣುವವನಿಗಲ್ಲ, ಬಡಿಸುವವನಿಗೆ ಅವಮಾನ ಎಂಬುದು ಅವನ ದೊಡ್ಡ ಸೂತ್ರ. ಇನ್ನೊಂದು ಗುಟ್ಟನ್ನು ಅವನು ನನಗೊಬ್ಬನಿಗೇ ಹೇಳಿದ್ದ. "ಬ್ಯಾಡ ಬ್ಯಾಡ ಹೇಳಿ ಕೈ ಅಡ್ಡ ಹಿಡಿತ್ವಲ, ಆ ಕೈ ನೋಡು ತಮಾ. ಬೆರಳು ಬಿಡಿಸಿಕೊಂಡಿದ್ರೆ ಬೇಕು ಹೇಳಿ ಅರ್ಥ. ಬೆರಳು ಕೂಡಿದ್ರೆ ಮಾತ್ರ ಮುಂದಿನ ಎಲೆಗೆ ಹೋಗು." ನಾನು ಈ ಸೂತ್ರ ನಂಬಿ ಎಷ್ಟೋ ಬೀಗರ ಬೆರಳ ಸಂದಿಯಿಂದಲೇ ಪಾಯಸ ಇಳಿಸಿದ್ದೇನೆ. ಬೈದವರಿದ್ದಾರೆ, ಉಳಿಸಿದವರಿಲ್ಲ.

ಇಂಥವನಿಗೆ ಬಿ.ಎಡ್. ಎಲ್ಲಿಂದ ಬಂತು ಎನ್ನುತ್ತೀರಾ? ಹಳೆಯ ಬಿ.ಎಸ್ಸಿ. ಪದವಿಯೊಂದು ನನ್ನ ಬಳಿ ಇತ್ತು. ಅದನ್ನು ಗಳಿಸಿದ ಮೇಲೆ ತೋಟ, ಸಂಸಾರ, ಊರವರ ಮದುವೆ ಎಂದು ದಿನ ಹೋಗಿತ್ತು. ನಲವತ್ತು ದಾಟಿದ ಮೇಲೆ ಒಂದು ಬೇಸಿಗೆಯ ಕೊನೆಗೆ ನಮ್ಮ ಹತ್ತಿರದ ಹೈಸ್ಕೂಲಿನ ಗಣಿತದ ಮಾಸ್ತರರಿಗೆ ವರ್ಗವಾಯಿತು. ಹೊಸಬರು ಬರುವತನಕ ನಾಲ್ಕು ದಿನ ಸುಧಾರಿಸಿಕೊಡು ಎಂದು ಶಾಲೆಯ ಆಡಳಿತ ಮಂಡಳಿಯವರು ಕೇಳಿದರು. ಸುಧಾರಿಸಿಕೊಡು ಎಂದರೆ ನಾನು ಎಲ್ಲಿಗಾದರೂ ಹೋಗುವವನೇ. ಹೋದೆ. ಮೊದಲ ದಿನ ಭಿನ್ನರಾಶಿ ಹೇಳಿದೆ. ಹಿಂದಿನ ಬೆಂಚಿನ ಒಂದು ಮಗುವಿನ ಮುಖ ಇದ್ದಕ್ಕಿದ್ದಂತೆ ಅರಳಿತು. ಅಷ್ಟೇ, ನನಗೆ ಪಾಠದ ಹುಚ್ಚು ಹಿಡಿಯಿತು. ಮದುವೆಯಾದ ಹೊಸತರಲ್ಲೂ ನನಗೆ ಹಾಗೆ ಆಗಿರಲಿಲ್ಲ. ಇದನ್ನು ಶೈಲಾಳಿಗೂ ಹೇಳಿದ್ದೇನೆ, ಅವಳು ಬೇಸರ ಮಾಡಿಕೊಳ್ಳಲಿಲ್ಲ, "ಎನಗೂ ಆಗಿತ್ತಿಲ್ಲೆ ಬಿಡಿ" ಎಂದಳು.

ಹೊಸ ಮಾಸ್ತರರು ಬಂದರು, ನಾನು ಮನೆಗೆ ಬಂದೆ. ಆದರೆ ಹುಚ್ಚು ಬಿಡಲಿಲ್ಲ. ಬೇಲಿಯ ಕಂಬ ಎಣಿಸುವಾಗ ಸೂತ್ರ, ದೋಸೆ ಮಗುಚುವಾಗ ವೃತ್ತದ ವ್ಯಾಸ. ಮನೆಗೆ ಬಂದವರ ಮಕ್ಕಳನ್ನು ಹಿಡಿದು ಕೂರಿಸಿ ಲೆಕ್ಕ ಕೇಳತೊಡಗಿದೆ, ಬರುವವರು ಕಡಿಮೆಯಾದರು. ಆ ಹೊಸ ಮಾಸ್ತರರೂ ಎರಡು ವರ್ಷಕ್ಕೆ ಹೋಗುವವರೆಂದು ಸುದ್ದಿಯಾದಾಗ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನನ್ನು ಕರೆದು, "ಮಾಬ್ಲ, ಜಾಗ ನಿಂಗೇ. ಆದ್ರೆ ಬಿ.ಎಡ್. ಬೇಕು. ಅಷ್ಟೊತ್ತಿಗೆ ಆಗಿರದೇ ಇದ್ರೆ ಬೇರೆಯವ್ರನ್ನ ತಗಳದು, ಬೇಜಾರಾಗಡ" ಎಂದರು. ಸರ್ಕಾರಿ ನೌಕರಿಯ ವಯಸ್ಸು ನನ್ನನ್ನು ದಾಟಿ ಹೋಗಿಯಾಗಿತ್ತು. ನನಗೆ ಇದ್ದದ್ದು ಇದೊಂದೇ ಬಾಗಿಲು. ಮನೆಗೆ ಬಂದು ಶೈಲಾಳಿಗೆ ಹೇಳಿದೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಹೋಗಿ ಬನ್ನಿ. ತೋಟ ಆನು ನೋಡ್ತೆ. ಅಲ್ಲಿ ಹೋಗಿ ಯಾರಿಗೂ ಬಡಿಸಲೆ ಶುರು ಮಾಡಡಿ, ಅಷ್ಟೇಯ."

ಹೀಗೆ ನಾನು ಶಿರಸಿಯ ಒಂದು ಬಿ.ಎಡ್. ಕಾಲೇಜಿಗೆ ಸೇರಿದೆ. ಮೊದಲ ದಿನ ನಾನು ತರಗತಿಯ ಬಾಗಿಲಿಗೆ ಹೋದಾಗ ಎಲ್ಲರೂ ಉಪನ್ಯಾಸಕರೆಂದು ತಿಳಿದು ಎದ್ದು ನಿಂತರು ಎಂದು ನೀವು ಊಹಿಸಿರಬಹುದು. ಅಷ್ಟು ಪುಣ್ಯ ನನಗೆಲ್ಲಿಯದು? ಬಿಳಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ, ಬಾಗಿಲಲ್ಲಿ ನಿಂತು "ಎಲ್ಲಾ ಇದ್ದೀರಾ?" ಎಂದು ಕೇಳುವ ನಡುವಯಸ್ಸಿನ ಗಂಡಸು ನಮ್ಮ ಸೀಮೆಯಲ್ಲಿ ಯಾತಕ್ಕೆ ಬಂದಿರುತ್ತಾನೆ? ಪಾಠ ಮಾಡುತ್ತಿದ್ದ ದೇಸಾಯಿ ಮೇಡಂ ಸೀಮೆಸುಣ್ಣ ಕೆಳಗಿಟ್ಟು ಬಹಳ ಆದರದಿಂದ, "ಬರ್ರಿ ಬರ್ರಿ. ಯಾರ ಮದುವಿ ಅದ? ಸ್ಟಾಫ್ ರೂಮಿನ್ಯಾಗ ಎಲ್ಲಾರಿಗೂ ಒಂದೇ ಕಾರ್ಡ್ ಕೊಟ್ಟ್ರೂ ನಡೀತದ" ಎಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಂತ್ರಾಕ್ಷತೆಗೆ ಕೈಯನ್ನೂ ಚಾಚಿದಳು. ನಾನು ಚೀಲದಿಂದ ಪ್ರವೇಶಪತ್ರ ತೆಗೆದು ಕೊಟ್ಟೆ. ಮೇಡಂ ಅದನ್ನು ಮೇಲಿಂದ ಕೆಳಗೆ ಓದಿದರು, ನನ್ನನ್ನು ಕೆಳಗಿಂದ ಮೇಲೆ ನೋಡಿದರು, ಖಾಲಿಯಿದ್ದ ಒಂದು ಬೆಂಚು ತೋರಿಸಿದರು.

ಕೈ ಚಾಚಿದ ಹುಡುಗಿ ಅಶ್ವಿನಿ. ಯಲ್ಲಾಪುರದ ಕಡೆಯ ರೈತರ ಮನೆಯವಳು, ನನ್ನ ಅರ್ಧ ವಯಸ್ಸಿನವಳು. ಅವಳೇ ಮುಂದೆ ನನಗೆ ಈ ಕಾಲೇಜಿನ ದಾರಿಯೆಲ್ಲ ತೋರಿಸಿದಳು. ಪಿಪಿಟಿ ಮಾಡುವುದು, ಫೋನಿನಲ್ಲಿ ಪಿಡಿಎಫ್ ಹುಡುಕುವುದು, ಮನಶ್ಶಾಸ್ತ್ರದ ತರಗತಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದು ಎಲ್ಲ ಅವಳಿಂದಲೇ ಕಲಿತದ್ದು. ಪ್ರತಿಯಾಗಿ ನಾನು ಇಡೀ ತರಗತಿಗೆ ಮಧ್ಯಾಹ್ನದ ಡಬ್ಬಿ ಹಂಚುವ ಕೆಲಸ ವಹಿಸಿಕೊಂಡೆ. ಯಾರ ಡಬ್ಬಿಯ ಪಲ್ಯ ಯಾರ ತಟ್ಟೆಗೆ ಎಷ್ಟು ಎಂಬುದು ನನ್ನ ತೀರ್ಮಾನವಾಯಿತು. ಶೈಲಾಳಿಗೆ ಕೊಟ್ಟ ಮಾತು ಮೊದಲ ವಾರವೇ ಮುರಿಯಿತು.

ಬಸ್ಸಿನ ಕತೆಯನ್ನೂ ಹೇಳಿಬಿಡುತ್ತೇನೆ. ಸಿದ್ದಾಪುರದಿಂದ ಶಿರಸಿಗೆ ದಿನವೂ ಹೋಗಿಬರಲು ವಿದ್ಯಾರ್ಥಿ ಪಾಸು ಮಾಡಿಸಿದ್ದೆ. ಕಂಡಕ್ಟರ್ ಅದನ್ನು ಕೈಯಲ್ಲಿ ಹಿಡಿದು, "ಮಗಂದು ತಂದ್ರೆ ನಡೆಯೂದಿಲ್ರಿ" ಎಂದ. ನನ್ನದೇ ಎಂದೆ. ಫೋಟೋ ನೋಡಿದ. ನನ್ನನ್ನು ನೋಡಿದ. ಬಸ್ಸಿನಲ್ಲಿದ್ದವರೆಲ್ಲ ನೋಡಿದರು. ಅವರಲ್ಲಿ ಅರ್ಧ ಜನ ನನ್ನ ಕೈಯಿಂದ ಪಾಯಸ ಹಾಕಿಸಿಕೊಂಡವರೇ. "ಬಿ.ಎಡ್. ಓದ್ತಾ ಇದ್ದೇನೆ" ಎಂದು ನಾನು ಎದೆಯೆತ್ತಿ ಹೇಳಿದೆ. ಹಿಂದಿನ ಸೀಟಿನ ಒಬ್ಬ ಮುದುಕ, "ಕಲಿಯಲಿ ಬಿಡು ಮಾರಾಯ, ಪಾಪ. ಚಿಕ್ಕಂದಿನಲ್ಲಿ ಅನುಕೂಲ ಆಗಿರ್ಲಿಕ್ಕಿಲ್ಲ" ಎಂದು ನನ್ನ ಪರ ವಾದಿಸಿದ. ನನ್ನ ಬಿ.ಎಸ್ಸಿ. ಪದವಿ ಮಾತೇ ಆಡದೆ ಕುಳಿತಿತು. ಆದರೂ ನಿಜ ಹೇಳುತ್ತೇನೆ, ಆ ಪಾಸು ಜೇಬಿನಲ್ಲಿದ್ದ ದಿನಗಳಲ್ಲಿ ನಾನು ಎರಡೆರಡು ಮೆಟ್ಟಿಲು ಹಾರಿ ಬಸ್ಸು ಹತ್ತುತ್ತಿದ್ದೆ.

ಕಾಲೇಜಿನಲ್ಲಿ ಸೂಕ್ಷ್ಮಬೋಧನೆ ಎಂಬ ಒಂದು ಆಟವಿದೆ. ಸಹಪಾಠಿಗಳೇ ಎಂಟನೇ ತರಗತಿಯ ಮಕ್ಕಳ ಹಾಗೆ ಕೂರಬೇಕು, ಒಬ್ಬ ಪಾಠ ಮಾಡಬೇಕು. ಅಶ್ವಿನಿ ಪೋಕರಿ ಮಗುವಿನ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ ನಾನು ಒಮ್ಮೆ ನಿಜವಾಗಿಯೂ ಅವಳ ಅಪ್ಪನನ್ನು ಕರೆದುಕೊಂಡು ಬರಲು ಹೇಳಿದೆ. ನನಗೆ ಅಲ್ಲಿ ಒಳ್ಳೆಯ ಹೆಸರೇ ಬಂತು. ದನಿ ಕಡೆಯ ಬೆಂಚಿಗೆ ಮುಟ್ಟುತ್ತಿತ್ತು, ಒಬ್ಬರನ್ನೂ ಬಿಡದೆ ಮಾತಾಡಿಸುತ್ತಿದ್ದೆ. ತರಗತಿ ನನಗೆ ಪಂಕ್ತಿಯ ಹಾಗೆಯೇ ಕಾಣುತ್ತಿತ್ತು. ದೊಡ್ಡಪ್ಪನ ವಿದ್ಯೆ ಇಲ್ಲಿಯೂ ನಡೆಯಿತಲ್ಲ ಎಂದು ಒಳಗೊಳಗೇ ಬೀಗಿದೆ.

ಬೀಗಿದ್ದು ಇಳಿದದ್ದು ಇಂಟರ್ನ್‌ಶಿಪ್ಪಿನಲ್ಲಿ. ನಿಜವಾದ ಶಾಲೆ, ನಿಜವಾದ ಮಕ್ಕಳು. ನನಗೂ ಅಶ್ವಿನಿಗೂ ಸಿಕ್ಕಿದ್ದು ಯಲ್ಲಾಪುರದಿಂದ ಮಾಗೋಡಿಗೆ ಹೋಗುವ ದಾರಿಯ ಒಂದು ಹೈಸ್ಕೂಲು. ಚಂದಗುಳಿಯ ಹತ್ತಿರ ನನ್ನ ಭಾವನ ಮನೆ, ಅಲ್ಲಿ ಉಳಿದುಕೊಂಡೆ. ಮೊದಲ ಪಾಠದ ಅರ್ಧಕ್ಕೆ ದೇಸಾಯಿ ಮೇಡಂ ವೀಕ್ಷಣೆಗೆಂದು ಸದ್ದಿಲ್ಲದೆ ಬಾಗಿಲಿಗೆ ಬಂದರು. ಹಾಗೆ ಬಂದವರನ್ನು ಗಮನಿಸದವರ ಹಾಗೆ ಪಾಠ ಮುಂದುವರಿಸಬೇಕೆಂದು ನಮಗೆ ಹತ್ತು ಸಲ ಹೇಳಿದ್ದರು. ಆದರೆ ಬಾಗಿಲಿಗೆ ಬಂದವರನ್ನು ಗಮನಿಸದೇ ಇರುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಸಮೀಕರಣವನ್ನು ಅರ್ಧಕ್ಕೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, "ಬನ್ನಿ ಬನ್ನಿ, ಒಳಗೆ ಬನ್ನಿ. ಬಿಸಿಲಲ್ಲಿ ಬಂದ್ರಿ. ಆಸರಿಗೆ ಎಂತ ಅಡ್ಡಿಲ್ಲೆ?" ಎಂದುಬಿಟ್ಟೆ.

ಕುಡಿಯಲು ಏನು ಕೊಡಲಿ ಎಂದು ನಾವು ಕೇಳುವುದೇ ಹೀಗೆ. ಬಾಯಿಂದ ಬಿದ್ದ ಮೇಲೆ ನಾನು ಎಲ್ಲಿ ನಿಂತಿದ್ದೇನೆಂದು ಅರಿವಾಯಿತು. ಮಕ್ಕಳು ಒಟ್ಟಿಗೆ ನಕ್ಕರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ಸರ್, ಮಜ್ಜಿಗೆ ಅಡಿಗೆಮನೇಲಿ ಉಂಟು, ತರ್ಲಾ?" ಎಂದು ಎದ್ದೇಬಿಟ್ಟಳು. ಮೇಡಂ ಮುಖ ಗಂಟಿಕ್ಕಿಕೊಂಡೇ ಹಿಂದಿನ ಬೆಂಚಿನಲ್ಲಿ ಕೂತು, "ನೀರು ಸಾಕ್ರಿ" ಎಂದರು.

ಆ ದಿನದ ಷರಾದಲ್ಲಿ ಆಸರಿಯ ಸುದ್ದಿ ಇರಲಿಲ್ಲ. ಇದ್ದದ್ದು ಬೇರೆ. ಪಾಠದ ನಂತರ ಅವರು ಹೇಳಿದರು, "ಹೆಗಡೇರ, ನೀವು ಪ್ರಶ್ನೆ ಕೇಳ್ತೀರಿ, ಹುಡುಗ್ರು ಬಾಯಿ ತೆಗಿಯೂದ್ರಾಗ ಉತ್ತರಾನೂ ನೀವ ಹೇಳ್ತೀರಿ. ಹಂಗ ಮಾಡಬ್ಯಾಡ್ರಿ. ಫೈನಲ್ ಪಾಠದಾಗ ಹಿಂಗ ಮಾಡಿದ್ರ ಹೊರಗಿನ ಎಕ್ಸಾಮಿನರ್ ಪಾಸ್ ಮಾಡಂಗಿಲ್ಲ. ನಾನೂ ಮಾಡಂಗಿಲ್ಲ."

ತಲೆಯಾಡಿಸಿದೆ. ಮರುದಿನ ಮತ್ತೆ ಅದನ್ನೇ ಮಾಡಿದೆ. ನನ್ನ ಕಷ್ಟ ನಿಮಗೆ ಹೇಗೆ ಹೇಳಲಿ? ಪ್ರಶ್ನೆ ಕೇಳುತ್ತೇನೆ, ಮಗು ಸುಮ್ಮನಿರುತ್ತದೆ, ನೋಟ್‌ಬುಕ್ಕಿನ ಹಾಳೆ ಖಾಲಿ ಇರುತ್ತದೆ. ಖಾಲಿ ಎಲೆಯ ಎದುರು ತುಂಬಿದ ಬಕೆಟ್ಟು ಹಿಡಿದು ನಿಲ್ಲುವುದು ನನ್ನಿಂದಾಗದ ಕೆಲಸ. ಕೈ ತಾನಾಗಿ ಬಗ್ಗುತ್ತದೆ. ಒಂಬತ್ತನ್ನು ಮೂರರಿಂದ ಭಾಗಿಸಿದರೆ ಎಷ್ಟು ಎಂದು ಕೇಳಿ, ಉತ್ತರ ಬಾಯಲ್ಲಿ ಬೆಲ್ಲವಿದ್ದಂತೆ ಕರಗತೊಡಗಿ, "ಮೂರು ಅಲ್ಲವೇ" ಎಂದುಬಿಡುತ್ತಿದ್ದೆ. ಕಾವೇರಿ ಎಂಬ ಹುಡುಗಿಯೊಬ್ಬಳಿದ್ದಳು, ಮೂರನೆಯ ಬೆಂಚು, ಮಾತು ಕಡಿಮೆ. ನಾನು ಹತ್ತಿರ ಹೋದರೆ ನೋಟ್‌ಬುಕ್ಕಿನ ಮೇಲೆ ಅಂಗೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ನಾನು ಬೆರಳು ನೋಡುತ್ತಿದ್ದೆ. ಬೆರಳು ಬಿಡಿಸಿಕೊಂಡಿರುತ್ತಿತ್ತು. ಬೇಕು ಎಂದೇ ತಿಳಿದು ಪೂರ್ತಿ ಲೆಕ್ಕವನ್ನು ಹೇಳಿ ಮುಂದೆ ಹೋಗುತ್ತಿದ್ದೆ. ಹೀಗೆ ಒಬ್ಬೊಬ್ಬರಿಗೂ ಬಡಿಸುತ್ತ ಹೋಗಿ ಯಾವ ಪಾಠವೂ ಸಮಯಕ್ಕೆ ಮುಗಿಯುತ್ತಿರಲಿಲ್ಲ. ಅಶ್ವಿನಿ ನನ್ನ ಸಲುವಾಗಿ ಚಂದಗುಳಿಯ ಗಣಪತಿಗೆ ಒಂದು ಗಂಟೆ ಕಟ್ಟಿಸುವ ಹರಕೆ ಹೊತ್ತಳು. "ಸಣ್ಣ ಗಂಟೆ ಮಾಬ್ಲಣ್ಣ. ನಿಮ್ಮ ಪಾಠ ನೋಡಿದ್ರೆ ದೊಡ್ಡದು ಹೇಳ್ಕಳಕ್ಕೆ ಧೈರ್ಯ ಇಲ್ಲ" ಎಂದಳು.

ಇಂಟರ್ನ್‌ಶಿಪ್ಪಿನ ಮೊದಲ ಸುತ್ತು ಮುಗಿಸಿ ಕಾಲೇಜಿಗೆ ಮರಳಿದ ವಾರವೇ ಸೋಂದೆಯ ಹತ್ತಿರ ಆ ಮದುವೆ. ನಮ್ಮ ಉಪನ್ಯಾಸಕರೊಬ್ಬರ ತಮ್ಮನ ಮದುವೆಯದು, ಕಾಲೇಜಿನವರೆಲ್ಲರಿಗೂ ಕರೆಯಿತ್ತು. ನಾನು ಬೆಳಗಿನ ತರಗತಿಗೆ ಹಾಜರಿ ಹಾಕಿ ನೇರ ಅಲ್ಲಿಗೆ ಹೋದವನು ಅಂಗಿ ಬಿಚ್ಚಿ ಪಂಚೆ ಬಿಗಿದು ಬಕೆಟ್ಟು ಹಿಡಿದೆ. ಕೊರಳಿನ ಐಡಿ ಕಾರ್ಡು ತೆಗೆಯುವುದು ಮರೆತುಹೋಗಿತ್ತು. ಎರಡನೆಯ ಪಂಕ್ತಿಯಲ್ಲಿ ದೇಸಾಯಿ ಮೇಡಂ ಕೂತಿದ್ದರು. ನನ್ನ ಉತ್ಸಾಹ ನೋಡಬೇಕಿತ್ತು ನೀವು. ಇಡೀ ವರ್ಷ ಅವರಿಂದ ಬೈಸಿಕೊಂಡವನು ಕೊನೆಗೂ ನನ್ನ ಸೀಮೆಯಲ್ಲಿ ಅವರನ್ನು ಕಂಡಿದ್ದೆ. ಮೊದಲ ಸೌಟು ಹಾಕಿಸಿಕೊಂಡರು. ಎರಡನೆಯ ಸುತ್ತಿಗೆ ಹೋದಾಗ "ಸಾಕ್ರಿ ಹೆಗಡೇರ" ಎಂದು ಕೈ ಅಡ್ಡ ಹಿಡಿದರು. ಬೆರಳು ನೋಡಿದೆ. ಸ್ಪಷ್ಟವಾಗಿ ಬಿಡಿಸಿಕೊಂಡಿತ್ತು. "ಮೇಡಂ, ಒಂದೇ ಒಂದು ಸೌಟು. ನನ್ನ ಕೈಯಿಂದ" ಎನ್ನುತ್ತ ಬಗ್ಗಿದೆ. ಒಂದಲ್ಲ, ಎರಡು ಹಾಕಿದೆ. ಬಗ್ಗಿದ ಭರಕ್ಕೆ ಐಡಿ ಕಾರ್ಡು ಬಕೆಟ್ಟಿನೊಳಗೆ ಇಳಿದು ಮುಳುಗಿ ಮೇಲೆ ಬಂತು. ಪಕ್ಕದ ಎಲೆಯ ಅಶ್ವಿನಿ, "ಮಾಬ್ಲಣ್ಣ, ವಿದ್ಯಾರ್ಥಿ ಪಾಯಸಕ್ಕೆ ಬಿದ್ದ!" ಎಂದು ಕೂಗಿದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆ ಬಕೆಟ್ಟನ್ನು ಒಳಗೆ ಕಳಿಸಿ ಬೇರೆ ಬಕೆಟ್ಟು ತಂದೆ, ನಾನೂ ನಕ್ಕೆ.

ಎಲೆ ಎತ್ತುವ ಹೊತ್ತಿಗೆ ನಗು ಹೋಯಿತು. ಮೇಡಂ ಅವರ ಎಲೆಯಲ್ಲಿ ನಾನು ಎರಡನೆಯ ಸುತ್ತಿಗೆ ಹಾಕಿದ ಪಾಯಸ ಹಾಗೇ ಉಳಿದಿತ್ತು. ಮುಟ್ಟಿಯೇ ಇರಲಿಲ್ಲ. ನನ್ನ ಕೈಯ ಪಾಯಸ ಎಲೆಯಲ್ಲಿ ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಡೀ ಸಂಜೆ ಮನಸ್ಸಿಗೆ ಪಿಚ್ಚೆನಿಸುತ್ತಿತ್ತು.

ಮರುದಿನ ಅವರೇ ಸ್ಟಾಫ್ ರೂಮಿಗೆ ಕರೆದರು. ಸಿಟ್ಟಿರಲಿಲ್ಲ, ಕಣ್ಣಲ್ಲಿ ಸ್ವಲ್ಪ ನಗುವೇ ಇತ್ತು. "ಹೆಗಡೇರ, ಪಾಯಸ ಭಾಳ ಚಲೋ ಇತ್ತು. ಆದ್ರ ನನಗ ಅದನ್ನ ಉಣ್ಣಾಕ ನೀವು ಟೈಮೇ ಕೊಡಲಿಲ್ಲ. ಒಂದು ತುತ್ತು ಬಾಯಾಗ ಇತ್ತು, ಅದರ ರುಚಿ ನೋಡ್ಲಿಕ್ಕತ್ತಿದ್ದೆ, ನೀವು ಬಂದು ಸುರುವಿದ್ರಿ. ಹೊಟ್ಟಿ ತುಂಬಿತ್ತು ಅಂತಲ್ಲ. ನಂದು ನಾನು ಉಣ್ಣಬೇಕಂತ ಇತ್ತು."

"ಬೆರಳು ಬಿಡಿಸಿತ್ತು ಮೇಡಂ" ಎಂದೆ. ಇನ್ನೇನು ಹೇಳಲಿ?

"ಬೆರಳು?"

ದೊಡ್ಡಪ್ಪನ ಸೂತ್ರವನ್ನು ವಿವರಿಸಬೇಕಾಯಿತು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. ನಕ್ಕು ಕಣ್ಣೊರೆಸಿಕೊಂಡು, "ಚಲೋ ಸೂತ್ರ ಅದರೀ. ಆದ್ರ ಬೆರಳು ಬಿಡಿಸಿದವರು ಎಲ್ಲಾರೂ ಹಾಕ್ರಿ ಅಂತನ ಹೇಳಂಗಿಲ್ಲ. ಸ್ವಲ್ಪ ತಡೀರಿ ಅಂತನೂ ಹೇಳ್ತಿರ್ತಾರ" ಎಂದರು.

ನನಗೆ ಕಾವೇರಿಯ ಅಂಗೈ ನೆನಪಾಯಿತು. ಪಾಪ, ಆ ಮಗು ನಾನು ಹತ್ತಿರ ಬಂದಾಗಲೆಲ್ಲ ತಡೀರಿ ತಡೀರಿ ಎನ್ನುತ್ತಿತ್ತೇ?

ಅಲ್ಲಿಂದ ಮುಂದೆ ಸುಮ್ಮನಿರುವ ಅಭ್ಯಾಸ ಶುರುವಾಯಿತು. ಇಷ್ಟು ಕಠಿಣವಾದ ವಿಷಯ ಬಿ.ಎಡ್.ನ ಯಾವ ಪತ್ರಿಕೆಯಲ್ಲೂ ಇಲ್ಲ. ಅಶ್ವಿನಿ ಪರೀಕ್ಷಕಳಾದಳು. ಅವಳು ನನಗೆ ಒಂದು ಸುಲಭದ ಒಗಟು ಕೇಳುವಳು, ನಾನು ಉತ್ತರ ಗೊತ್ತಿದ್ದೂ ಹೇಳದೆ ಗಡಿಯಾರ ನೋಡುತ್ತ ಕೂರಬೇಕು. ಮೊದಮೊದಲು ಕಿವಿ ಕೆಂಪಾಗುತ್ತಿತ್ತು. ಬಸ್ಸಿನಲ್ಲಿ ಅಕ್ಕಪಕ್ಕದವರು ಯಾವುದೋ ಊರಿಗೆ ದಾರಿ ಕೇಳಿದರೂ ಅಭ್ಯಾಸಕ್ಕೆಂದು ಬಾಯಿ ಮುಚ್ಚಿ ಕೂತು ಬೈಸಿಕೊಂಡೆ. ಇಂಟರ್ನ್‌ಶಿಪ್ಪಿನ ಎರಡನೆಯ ಸುತ್ತಿಗೆ ಮತ್ತೆ ಭಾವನ ಮನೆಗೆ ಹೋದಾಗ ಅಕ್ಕ, "ಇವಂಗೆ ಎಂತ ಆಯ್ದು? ಮಾತೇ ಇಲ್ಲೆ. ಹೊಟ್ಟೆನೋವ?" ಎಂದು ಜೀರಿಗೆ ಕಷಾಯ ಮಾಡಿಕೊಟ್ಟಳು. ಕುಡಿದೆ, ಅದಕ್ಕೂ ಮಾತಾಡಲಿಲ್ಲ.

ಫೈನಲ್ ಪಾಠ ಅದೇ ಮಾಗೋಡು ದಾರಿಯ ಶಾಲೆಯಲ್ಲಿ. ಊರಿನ ಹೈಸ್ಕೂಲಿನ ಅಧ್ಯಕ್ಷರು ಹಿಂದಿನ ದಿನವೇ ಫೋನು ಮಾಡಿ, ಮಾಸ್ತರರು ಹೊರಟಿದ್ದಾರೆ, ನಿನ್ನ ಪಾಸು-ಫೇಲು ತಿಳಿದ ಮೇಲೇ ಮುಂದಿನ ಮಾತು ಎಂದಿದ್ದರು. ಶೈಲಾ ಎರಡು ಸಲ ಫೋನು ಮಾಡಿ ಏನನ್ನೂ ಹೇಳದೆ ಇಟ್ಟಿದ್ದಳು. ತರಗತಿಯ ಹಿಂದಿನ ಬೆಂಚಿನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೂತಿದ್ದರು, ದಪ್ಪ ಕನ್ನಡಕದ, ನಗಲೇ ಬಾರದು ಎಂದು ತೀರ್ಮಾನಿಸಿಕೊಂಡು ಬಂದವರಂಥ ಮನುಷ್ಯ. ಅವರ ಪಕ್ಕ ದೇಸಾಯಿ ಮೇಡಂ. ನಾನು ಅವರನ್ನು ನೋಡಲಿಲ್ಲ, ಆಸರಿಗೂ ಕೇಳಲಿಲ್ಲ. ಅಷ್ಟು ಹೊತ್ತಿಗೇ ನನ್ನ ಅರ್ಧ ಪರೀಕ್ಷೆ ಪಾಸಾದ ಹಾಗಿತ್ತು.

ಪಾಠ ವರ್ಗಸಂಖ್ಯೆಯದು. ಎಲ್ಲರಿಗೂ ಹುಣಸೆಬೀಜ ಹಂಚಿದೆ. ಒಂದು ಬೀಜ ಇಡಿ ಎಂದೆ. ಅದನ್ನು ಸುತ್ತುವರಿದು ಮೂರು ಇಡಿ, ನಾಲ್ಕು ಬೀಜದ ಚೌಕವಾಯಿತು. ಎರಡು ಬದಿಗೆ ಸುತ್ತುವರಿದು ಇನ್ನೂ ಐದು ಇಡಿ, ಒಂಬತ್ತರ ಚೌಕವಾಯಿತು. ಏಳು ಇಟ್ಟರೆ ಹದಿನಾರು. ಬೆಸ ಸಂಖ್ಯೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋದರೆ ಪ್ರತಿ ಸಲವೂ ಚೌಕವೇ. ಮಕ್ಕಳಿಗೆ ಖುಷಿಯಾಯಿತು. ಆಗ ನಾನು ಕೇಳಿದೆ, "ಯಾಕೆ ಹೀಗೆ? ಪ್ರತಿ ಸಲವೂ ಯಾಕೆ ಚೌಕವೇ ಬರಬೇಕು?"

ತರಗತಿ ಸ್ತಬ್ಧವಾಯಿತು. ಒಂದು ಮುಖದಲ್ಲೂ ಉತ್ತರವಿಲ್ಲ. ನನ್ನ ಬಾಯಲ್ಲಿ ಪೂರ್ತಿ ಉತ್ತರವಿತ್ತು, ಬಿಸಿಬಿಸಿಯಾಗಿ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಪರೀಕ್ಷಕರು ಗಡಿಯಾರ ನೋಡಿದರು. ನಾನು ಕಿಟಕಿ ನೋಡಿದೆ. ಮಕ್ಕಳು ನನ್ನನ್ನೇ ನೋಡುತ್ತಿದ್ದರು, ಸರ್ ಈಗ ಹೇಳುತ್ತಾರೆ ಎಂಬ ಭರವಸೆಯಿಂದ. ಹೇಳಿಬಿಡು ಮಾಬ್ಲ, ಪರೀಕ್ಷಕರೆದುರು ತರಗತಿ ಮೂಕವಾಗಿ ಕೂತರೆ ನಿನ್ನನ್ನು ಯಾರು ಪಾಸು ಮಾಡುತ್ತಾರೆ ಎಂದು ಒಳಗೆ ಒಬ್ಬ ಕೂಗುತ್ತಿದ್ದ. ಸಾಲಿನ ನಡುವೆ ನಡೆದೆ. ಕಾವೇರಿ ಬೀಜಗಳ ಮೇಲೆ ಅಂಗೈ ಅಡ್ಡ ಇಟ್ಟಳು. ಬೆರಳು ಬಿಡಿಸಿಕೊಂಡಿತ್ತು. ನಾನು ಬಗ್ಗಲಿಲ್ಲ. ಮುಂದಿನ ಬೆಂಚಿಗೂ ಹೋಗಲಿಲ್ಲ. ಅಲ್ಲಿಯೇ ನಿಂತೆ.

ಸ್ವಲ್ಪ ಹೊತ್ತಿಗೆ ಅವಳು ತಲೆ ಎತ್ತಿ ಮೆಲ್ಲಗೆ, "ಸರ್, ನೀವು ಆ ಬದಿ ತಿರುಗಿ" ಎಂದಳು.

"ಎಂತಕ್ಕೆ?"

"ನೀವು ನೋಡಿದ್ರೆ ನಂಗೆ ಆಗೂದಿಲ್ಲ."

ತಿರುಗಿದೆ. ಪರೀಕ್ಷೆಯ ಪಾಠದ ನಡುವೆ, ಪರೀಕ್ಷಕರ ಎದುರಿಗೆ, ಕರಿಹಲಗೆಗೆ ಮುಖ ಮಾಡಿ ನಿಂತ ಶಿಕ್ಷಕ ಇನ್ನೊಬ್ಬನಿರಲಿಕ್ಕಿಲ್ಲ. ಹಿಂದೆ ಪಿಸುಪಿಸು ಕೇಳಿತು. ಬೆಂಚು ಎಳೆದ ಸದ್ದು. ಚಪ್ಪಲಿಯಿಲ್ಲದ ಕಾಲುಗಳು ಓಡಿದ ಸದ್ದು. "ಏಯ್ ಹಾಗಲ್ಲ", "ತಡಿ ತಡಿ", "ಮೂಲೆಗೆ ಇಡು". ಒಬ್ಬ ಹುಡುಗ "ಹೌದಲ್ಲೇ!" ಎಂದು ಕೂಗಿದ. ಒಮ್ಮೆ ತಿರುಗಿ ನೋಡಬೇಕೆಂದು ಜೀವ ಹೋಗುತ್ತಿತ್ತು. ನೋಡಲಿಲ್ಲ. ಕರಿಹಲಗೆಯ ಎದುರು ಒಬ್ಬನೇ ಕಿವಿಯಿಂದ ಕಿವಿಯವರೆಗೆ ನಗುತ್ತಿದ್ದೆ. ಏನು ಸಂತೋಷ ಅಂತೀರಿ! ನಾನಿಲ್ಲದೆ ನಡೆಯುತ್ತಿರುವುದರ ಬಗ್ಗೆ ನನಗೆ ಅಷ್ಟು ಸಂತೋಷವಾದೀತೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

"ಈಗ ತಿರುಗಿ ಸರ್."

ಇಡೀ ತರಗತಿ ಮೂರನೆಯ ಬೆಂಚಿನ ಸುತ್ತ ಕವಿದುಕೊಂಡಿತ್ತು. ಕಾವೇರಿ ಬೆರಳು ಇಟ್ಟು ತೋರಿಸಿದಳು. "ಚೌಕ ದೊಡ್ಡ ಆಗ್ಬೇಕಂದ್ರೆ ಈ ಬದಿಗೆ ಒಂದು ಸಾಲು ಬೇಕು. ಆ ಬದಿಗೂ ಅಷ್ಟೇ ಸಾಲು ಬೇಕು. ಎರಡೂ ಸಮ. ಆದ್ರೆ ಮೂಲೆ ಖಾಲಿ ಉಳೀತದೆ. ಅದಕ್ಕೆ ಒಂದು. ಅದಕ್ಕೇ ಯಾವಾಗ್ಲೂ ಬೆಸ." ನನ್ನ ಬಾಯಲ್ಲಿದ್ದ ಉತ್ತರಕ್ಕಿಂತ ಅವಳದು ಚಿಕ್ಕದಾಗಿತ್ತು, ಚೆನ್ನಾಗಿತ್ತು. ಹಿಂದಿನ ಬೆಂಚಿನಿಂದ ಪರೀಕ್ಷಕರು ಎದ್ದು ಬಂದು ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿ, "ಮುಂದಿನದಕ್ಕೆ ಎಷ್ಟು ಬೇಕು?" ಎಂದು ಕೇಳಿದರು. ಅವಳು ಒಂಬತ್ತು ಬೀಜ ಎಣಿಸಿ ಅವರ ಕೈಗೇ ಕೊಟ್ಟು, "ನೀವೇ ಇಡಿ ಸರ್" ಎಂದಳು. ಅವರು ಇಡುತ್ತಿರುವಾಗಲೇ ಪಿರಿಯಡ್ಡಿನ ಗಂಟೆ ಹೊಡೆಯಿತು. ನನ್ನ ಪಾಠಯೋಜನೆಯ ಕೊನೆಯ ಭಾಗ, ಮನೆಗೆಲಸ, ಮೌಲ್ಯಮಾಪನ ಎಲ್ಲ ಹಾಗೇ ಉಳಿಯಿತು.

ಜಗುಲಿಯಲ್ಲಿ ನಿಂತು ಕಾದೆ. ದೇಸಾಯಿ ಮೇಡಂ ಹೊರಗೆ ಬಂದು ಬಹಳ ಗಂಭೀರವಾಗಿ, "ಹೆಗಡೇರ, ಇವತ್ತೂ ನಿಮ್ಮ ಪಾಠ ಮುಗೀಲಿಲ್ಲ" ಎಂದರು. "ಹೌದು ಮೇಡಂ" ಎಂದೆ. "ನಮ್ಮ ಎಕ್ಸಾಮಿನರೂ ಇನ್ನೂ ಹೊರಗ ಬಂದಿಲ್ಲ ನೋಡ್ರಿ. ಇಪ್ಪತ್ತೈದು ಮುಗಿಸಿ ಮೂವತ್ತಾರಕ್ಕ ಬೀಜ ಕಮ್ಮಿ ಬಿದ್ದಾವಂತ ಕೂತಾರ. ಹೋಗ್ರಿ, ಮನಿಗೆ ಫೋನ್ ಮಾಡ್ರಿ. ಪಾಸಾಗೀರಿ."

ಶೈಲಾ ಮೊದಲ ರಿಂಗಿಗೇ ಎತ್ತಿದಳು. "ಎಂತ ಆತು?"

"ಪಾಸಾತೇ!"

"ಹೌದ! ಎಂತ ಪಾಠ ಮಾಡಿದ್ರಿ?"

"ಎಂತೂ ಮಾಡಿದ್ನಿಲ್ಲೆ ಮಾರಾಯ್ತಿ. ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಕಂಡು ಸುಮ್ನೆ ನಿಂತಿದ್ದೆ. ಅದಕ್ಕೇ ಪಾಸು ಮಾಡಿದ್ದ."

ಆ ಕಡೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಆಮೇಲೆ ಮೂಗು ಎಳೆದುಕೊಂಡು, "ಬಾಯಿ ಮುಚ್ಕಂಡು? ನಿಂಗ? ಇಷ್ಟು ವರ್ಷ ಆತು, ಎನ್ನ ಒಂದು ಮಾತೂ ಪೂರ್ತಿ ಆಡಲೆ ಬಿಟ್ಟಿದ್ರಿಲ್ಲೆ. ಮನೆಗೆ ಬಂದು ಇಲ್ಲೂ ಒಂದ್ ಸಲ ಪಾಸಾಗಿ ತೋರ್ಸಿ, ನೋಡನ" ಎಂದಳು.

ಹೇಳಲು ನನ್ನ ಬಳಿ ನೂರು ಮಾತಿತ್ತು. ಒಂದನ್ನೂ ಆಡದೆ ಫೋನು ಕಿವಿಗೆ ಹಿಡಿದು ನಿಂತೆ.

"ಹಲೋ?" ಎಂದಳು ಶೈಲಾ. "ಹಲೋ? ಇದ್ರಾ?" ನಾನು ಉಸಿರು ಬಿಗಿಹಿಡಿದು ಕಾದೆ. ಅವಳಿಗೆ ಗೊತ್ತಾಯಿತು, ನಗುತ್ತ ಮಾತು ಶುರುಮಾಡಿದಳು. ಶಾಲೆಯ ಎದುರು ಯಲ್ಲಾಪುರದ ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ಅವಳ ಮಾತು ಇನ್ನೂ ಮುಗಿದಿರಲಿಲ್ಲ.